ಪುಸ್ತಕ ಬಂದರೆ ಹೆಸರು ಹೋಯಿತು

ನಾನು ಒಂದು ಮರದ ಟ್ರೇ. ಜೈಲಿನ ಬಡಗಿಖಾನೆಯಲ್ಲಿ ಕೈದಿಯೊಬ್ಬ ಸಾಗವಾನಿ ತುಂಡುಗಳಿಂದ ನನ್ನನ್ನು ಮಾಡಿದ. ಅಲ್ಲಿಂದ ಧಾರವಾಡದ ಒಂದು ಕಾಲೇಜಿನ ಲೈಬ್ರರಿಗೆ ಬಂದೆ.

ಕೆಲಸ ಸರಳ. ಪ್ರತಿ ಪುಸ್ತಕದ ಹಿಂದೆ ಒಂದು ಚೀಟಿ. ಪುಸ್ತಕ ಒಯ್ಯುವವರ ಹೆಸರು ಬರೆದ, ಪುಟ್ಟ ಜೇಬಿನಂಥ ಟಿಕೆಟ್ಟಿನೊಳಗೆ ಆ ಚೀಟಿ ಸಿಕ್ಕಿಸಿ ನನ್ನಲ್ಲಿ ನಿಲ್ಲಿಸುತ್ತಾರೆ. ವಾಪಸ್ ಬಂದರೆ ಚೀಟಿ ಪುಸ್ತಕಕ್ಕೆ, ಟಿಕೆಟ್ ಅವರ ಕೈಗೆ. ಬೇರೆಲ್ಲೂ ಬರೆಯುವುದಿಲ್ಲ. ಇಪ್ಪತ್ತು ವರ್ಷ ನನ್ನನ್ನು ನೋಡಿಕೊಂಡ ಗುಮಾಸ್ತರು ಮೂಗಿಗೆ ನಶ್ಯ ಏರಿಸುತ್ತ ನನ್ನ ಮೇಲೇ ಸೀನುತ್ತಿದ್ದರು. ಅವರು ನಿವೃತ್ತರಾದ ಮೇಲೆ ಇಂದುಮತಿ ಹುದ್ದಾರ ಮೇಡಂ ಕೈಗೆ ಬಂದೆ.

ಒಂದು ದಿನ ಇನ್ಸ್‌ಪೆಕ್ಟರ್ ಬಂದು ಒಂದು ಪುಸ್ತಕದ ಹೆಸರು ಹೇಳಿದರು. "ಇದನ್ನ ಯಾರ‍್ಯಾರು ಓದ್ಯಾರ, ಲಿಸ್ಟ್ ಕೊಡ್ರಿ. ಹೊಸ ಕಾಯಿದೆ ಐತಿ."

"ಕಾಯಿದೆ ಐತಿ ಅಂದ್ರ ಕಾಗದಾನೂ ಇರಬೇಕಲ್ರಿ," ಎಂದರು ಮೇಡಂ. "ಸಹಿ ಮಾಡಿದ್ದು ತರ‍್ರಿ."

ನಾಳೆ ತರುತ್ತೇನೆಂದು ಅವರು ಹೋದರು. ಆ ಪುಸ್ತಕ ಒಯ್ದಿದ್ದ ಹಾಸ್ಟೆಲ್ ಹುಡುಗಿ ಓದುವ ಮೇಜಿನಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ದಾಕ್ಷಾಯಿಣಿ ಎನ್ನೋಣ, ನಿಜವಾದ ಹೆಸರು ಬೇರೆ. ಅವಳ ಟಿಕೆಟ್ ನನ್ನಲ್ಲೇ ನಿಂತಿತ್ತು.

"ಮೇಡಂ, ಮನಿಗೆ ಸ್ಟೇಷನ್ನಿಂದ ಫೋನ್ ಹೋದ್ರ ಸಾಕು, ನಮ್ಮಪ್ಪ ಬಂದು ಗಂಟು ಕಟ್ಟಸ್ತಾನ್ರಿ. ಕಾಲೇಜು ಮುಗೀತು."

"ಪುಸ್ತಕ ಓದಿ ಮುಗಿಸೀಯೇನ?"

"ಚೀಲದಾಗ ಐತ್ರಿ, ಇನ್ನ ನಲವತ್ತು ಪುಟ ಅದಾವ್ರಿ."

"ಮತ್ತ ಇಲ್ಲಿ ನಿಂತು ಅಳಾಕತ್ತೀಯಲ್ಲ! ಕುಂದ್ರು, ಓದು. ಐದಕ್ಕ ಬಾಗಲಾ ಹಾಕತೀನಿ."

ಐದಕ್ಕೆ ಹತ್ತು ನಿಮಿಷವಿರುವಾಗ ಅವಳು ಪುಸ್ತಕ ತಂದಿಟ್ಟಳು. ಮೇಡಂ ದಿನಾ ಮಾಡುವಂತೆ ಚೀಟಿ ಪುಸ್ತಕಕ್ಕೆ ಹಾಕಿದರು, ಟಿಕೆಟ್ ಅವಳಿಗೆ ಕೊಟ್ಟರು. ನನ್ನಲ್ಲಿ ಒಂದು ಜಾಗ ಖಾಲಿಯಾಯಿತು.

ಮರುದಿನ ಇನ್ಸ್‌ಪೆಕ್ಟರ್ ಕಾಗದ ತಂದರು. ನನ್ನೊಳಗಿನ ಒಂದೊಂದೇ ಟಿಕೆಟ್ ಎತ್ತಿ ನೋಡಿದರು. ಆ ಪುಸ್ತಕದ ಚೀಟಿ ಇರಲಿಲ್ಲ.

"ರಿಜಿಸ್ಟರ್ ಎಲ್ಲೈತ್ರಿ?"

"ಇದ ನಮ್ಮ ರಿಜಿಸ್ಟರ್. ಪುಸ್ತಕ ಬಂದ್ರ ಹೆಸರು ಹೋತು."

"ಎಂಥಾ ಓಬೀರಾಯನ ಕಾಲದ ಪದ್ಧತಿ ಮೇಡಂ ಇದು!"

"ಹೌದ್ರಿ. ಕಂಪ್ಯೂಟರ್ ಕೊಡ್ರಿ ಅಂತ ಬರದು ಆರು ವರ್ಷ ಆತು. ಸರಕಾರ ಕೊಟ್ಟಿಲ್ಲ. ನೀವರ ಒಂದು ಮಾತು ಹೇಳ್ರಿ."

ಅವರು ಟೋಪಿ ಹಾಕಿಕೊಂಡು ಹೊರಟರು. ಮೂಲೆಯಲ್ಲಿ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕೂತಿದ್ದ ದಾಕ್ಷಾಯಿಣಿ ಆಗ ಸರಿಯಾಗಿ ಉಸಿರು ಬಿಟ್ಟಳು.

ಕೊನೆಗೆ ಕಂಪ್ಯೂಟರೂ ಬಂತು. ಸುಮ್ಮನೆ ಬಿಟ್ಟರೆ ಅದು ಎಲ್ಲ ನೆನಪಿಡುತ್ತದೆ. ಪುಸ್ತಕ ವಾಪಸಾದರೆ ಓದಿದವರ ಹೆಸರು ಅಳಿಯಲೇಬೇಕೆಂದು ಮೇಡಂ ಕಂಪ್ಯೂಟರಿನವರ ತಲೆ ತಿಂದು ಹಾಗೇ ಮಾಡಿಸಿದರು. ಮುಂದೆ ಬರುವವರು ಅದನ್ನು ಹಾಗೇ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ.

ನಾನೀಗ ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದೇನೆ. ದಾಕ್ಷಾಯಿಣಿ ಡಿಗ್ರಿ ಮುಗಿಸಿ ಹೋದಳು. ಅವಳ ನಿಜವಾದ ಹೆಸರೇನು ಎಂದು ಕೇಳುತ್ತೀರಾ? ಕಾಗದ ತಂದವರಿಗೇ ಸಿಗಲಿಲ್ಲ, ನಿಮಗೂ ಹೇಳುವುದಿಲ್ಲ.