ಎಡಗಡೆಯ ಕುರು

ಅಂದು ಬೆಳಿಗ್ಗೆ ಕ್ಲಿನಿಕ್ಕಿನ ಸಾಲಿನಲ್ಲಿದ್ದ ಮಕ್ಕಳಿಗೆಲ್ಲ ಒಂದೇ ಸೂಜಿಯಿಂದ ಚುಚ್ಚಲಾಯಿತು.

ಒಂದು ಮಗು ಮೇಜಿನಿಂದ ಇಳಿದ ಮೇಲೆ ಡಾಕ್ಟರು ಸೂಜಿಯನ್ನು ಹತ್ತಿಯಲ್ಲಿ ಒರೆಸಿ, ಸ್ಟೀಲ್ ತಟ್ಟೆಯ ಉಗುರುಬೆಚ್ಚಗಿನ ನೀರಿಗೆ ಹಾಕುತ್ತಿದ್ದರು. ಮಕ್ಕಳನ್ನು ಅದುಮಿ ಹಿಡಿಯುವುದು ಆಯಾಳ ಕೆಲಸ. ಅವಳ ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ಮೇಜು ಗೋಡೆಗೆ ಅಂಟಿಕೊಂಡಿತ್ತು; ಯಾವ ಮಗುವನ್ನು ಬೋರಲು ಮಲಗಿಸಿದರೂ ಸೂಜಿಗೆ ಸಿಗುತ್ತಿದ್ದುದು ಎಡ ಪಿರ್ರೆ.

ವಾರ ಕಳೆಯುವುದರೊಳಗೆ ಇಸ್ತ್ರಿ ಅಂಗಡಿಯವಳು ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಮಗು ಕಾಲೂರುತ್ತಿರಲಿಲ್ಲ. ಚಡ್ಡಿ ಸರಿಸಿದರೆ ಎಡಗಡೆ ನಿಂಬೆಹಣ್ಣಿನ ಗಾತ್ರದ ಕುರು, ಕೆಂಪಗೆ ಬಿಗಿದುಕೊಂಡಿತ್ತು.

"ಉಷ್ಣ ಆಗಿದೆ. ಸ್ನಾನ ಸರಿಯಾಗಿ ಮಾಡಿಸ್ತೀಯೇನಮ್ಮ?" ಎಂದರು ಡಾಕ್ಟರು.

"ಇಡೀ ಬೀದಿ ಬಟ್ಟೆ ಮಡಿ ಮಾಡಿ ಕೊಡೋಳು ನಾನು. ನನ್ನ ಮಗು ಕೊಳಕಾ?"

ಆಯಾ ಹಿಡಿದಳು. ಡಾಕ್ಟರು ಕೊಯ್ದರು. ಕೀವು ಬಟ್ಟಲಿಗೆ ಇಳಿಯುವಾಗ ಮಗು ಆಯಾಳ ಮಣಿಕಟ್ಟನ್ನು ಕಚ್ಚಿ ಹಿಡಿದಿತ್ತು.

ತಾಯಿ ಹೊರಟ ಮೇಲೆ ಆಯಾ ಬಾಯಿ ಬಿಟ್ಟಳು. "ಸಾರ್, ಗಾರೆಯವನ ಮಗಂಗೂ ಎಡಗಡೆನೇ. ಟೀ ಅಂಗಡಿ ಪಾಪುಗೂ ಅಲ್ಲೇ. ಉಷ್ಣ ಏನು ನಮ್ಮ ಮೇಜು ನೋಡ್ಕೊಂಡು ಬರುತ್ತಾ?"

ಡಾಕ್ಟರು ಕೈ ತೊಳೆಯುತ್ತಲೇ ಇದ್ದರು. "ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ? ಮಗುಗೊಂದು ಹೊಸ ಸೂಜಿ ಅಂದ್ರೆ ಫೀಸು ಏರಿಸ್ಬೇಕು. ಬರೀ ಸಿರಪ್ ಬರೆದ್ರೆ ಎದುರು ಬೀದಿ ಡಾಕ್ಟ್ರ ಹತ್ರ ಹೋಗ್ತಾರೆ. ಚುಚ್ಚದೇ ಇರೋನು ಡಾಕ್ಟ್ರೇ ಅಲ್ಲ ಇವರಿಗೆ."

ಅದು ಸುಳ್ಳಲ್ಲ. ಸಾಲಿನಲ್ಲಿ ಮುಂದಿದ್ದ ಅಜ್ಜಿ ಮೊಮ್ಮಗನನ್ನು ತಾನೇ ಮೇಜಿನ ಮೇಲೆ ಕವುಚಿ ಹಾಕಿದಳು. "ಬರೀ ನೆಗಡಿ. ಆದ್ರೂ ಒಂದು ಚುಚ್ಚಿಬಿಡಿ ಡಾಕ್ಟ್ರೇ, ಅಷ್ಟು ಹೊತ್ತಿಂದ ಕಾದಿದೀನಿ."

ಡಾಕ್ಟರು ತಟ್ಟೆಯಿಂದ ಅದೇ ಸೂಜಿ ಎತ್ತಿ ನೀರು ಕೊಡವಿದರು. "ಹಿಡ್ಕೋ."

ಆಯಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಹಲ್ಲಿನ ಗುರುತು ಇನ್ನೂ ಉರಿಯುತ್ತಿತ್ತು.

"ಏನೇ, ಸಂಬಳ ತಗೊಂಡು ಗೊಂಬೆ ಥರ ನಿಂತಿದೀಯಲ್ಲ!" ಅಜ್ಜಿ ರೇಗಿದಳು.

"ಇದೇ ಸೂಜಿ ಎಲ್ಲರಿಗೂ ಚುಚ್ಚಿರೋದು ಅಜ್ಜಿ. ಈಗ ಕುರು ಕೊಯ್ಸಿಕೊಂಡು ಹೋದ ಮಗುಗೂ. ನೆಗಡಿ ತಾನೇ, ಕರ್ಕೊಂಡು ಹೋಗಿ."

ಹೊರಗಿನ ಬೆಂಚಿನಲ್ಲಿ ಕಾದಿದ್ದವರು ಬಾಗಿಲತ್ತ ಕತ್ತು ಚಾಚಿದರು. ಡಾಕ್ಟರ ಧ್ವನಿ ತಗ್ಗಿತು. "ಹಿಡ್ಕೊಳ್ಳಲ್ಲ ಅಂದ್ರೆ ನಾಳೆಯಿಂದ ಬರಬೇಡ."

"ನಾಳೆ ಮಾತು ನಾಳೆಗೆ ಸಾರ್. ಇವತ್ತು ಹಿಡಿಯಲ್ಲ."