ಖಬರಸ್ತಾನದ ಅಳತೆ

ಒಳಗಿನ ಅಳತೆ ಹೊರಗಿನ ಅಳತೆಗಿಂತ ದೊಡ್ಡದಾಗಿತ್ತು. ಸುನಂದ ಮೇಡಂ ಪೆನ್ಸಿಲಿನ ತುದಿಯಿಂದ ಹಾಳೆಯನ್ನು ಕುಟ್ಟಿ ಮಿಸ್ಬಾಳ ಮುಖ ನೋಡಿದರು.

"ಕಾಂಪೌಂಡ್ ಗೋಡೆ ಹೊರಗಿಂದ ಅಳೆದ್ರೆ ಇಷ್ಟು. ಒಳಗಿಂದ ಅಳೆದ್ರೆ ಅದಕ್ಕಿಂತ ಜಾಸ್ತಿ. ಇದು ಯಾವ ಸೀಮೆ ಜಾಗ ಕಣಮ್ಮ? ಒಳಗೆ ಕಾಲಿಟ್ಟ ಕೂಡ್ಲೇ ಹಿಗ್ಗತ್ತಾ?"

ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ಬೇರೆಯವರ ಹಾಳೆಯಾಗಿದ್ದರೆ ಮಿಸ್ಬಾಳೂ ನಗುತ್ತಿದ್ದಳು.

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂ.ಆರ್ಕ್‌ನ ಕೊನೆಯ ವರ್ಷ. ಪ್ರತಿಯೊಬ್ಬರೂ ಒಂದು ಜಾಗ ಆರಿಸಿಕೊಂಡು, ಅದನ್ನು ಅಳೆದು, ಅಲ್ಲಿ ನೆಲ ಹೇಗಿರಬೇಕು, ನೀರು ಎಲ್ಲಿ ಹರಿಯಬೇಕು, ಮರ ಎಲ್ಲಿ ನಿಲ್ಲಬೇಕು ಎಂದು ವಿನ್ಯಾಸ ಮಾಡಬೇಕು. ಧನಶ್ರೀ ಮಾಲೂರಿನ ಕೆರೆಯ ಏರಿ ತೆಗೆದುಕೊಂಡಿದ್ದಳು. ಅಮರನಾಥ್ ಆವನಿ ಬೆಟ್ಟದ ತಪ್ಪಲು. ಮಿಸ್ಬಾ ತನ್ನೂರು ನಂಗಲಿಯ ಖಬರಸ್ತಾನವನ್ನು ತೆಗೆದುಕೊಂಡಿದ್ದಳು.

"ಅಳೆದಿದ್ದು ನೀನೇನಾ?" ಮೇಡಂ ಕೇಳಿದರು.

"ಹೊರಗಡೆ ನಾನು ಮ್ಯಾಮ್. ಒಳಗಡೆ ನನ್ನ ತಮ್ಮ."

"ಯಾಕೆ?"

"ನಮ್ಮೂರಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು ಮಿಸ್ಬಾ, ತಾನು ಕಾಲಿಡದ ಜಾಗಕ್ಕೆ ವಿನ್ಯಾಸ ಮಾಡೋಕಾಗಲ್ಲ. ಗುರುವಾರ ರಿವ್ಯೂ. ಅಷ್ಟರಲ್ಲಿ ಒಳಗೆ ಹೋಗಿ ನೀನೇ ಅಳೆದುಕೊಂಡು ಬಾ. ಇಲ್ಲ ಅಂದ್ರೆ ಸೈಟ್ ಬದಲಾಯಿಸು. ಈಗ ಬದಲಾಯಿಸಿದ್ರೆ ಒಂದು ಸೆಮಿಸ್ಟರ್ ಹೋಗತ್ತೆ, ಅದೂ ಗೊತ್ತಿರಲಿ."

ಊಟದ ಹೊತ್ತಿಗೆ ಧನಶ್ರೀ ಸುಲಭದ ದಾರಿ ಹೇಳಿದಳು. "ಸ್ಯಾಟಲೈಟ್ ಚಿತ್ರ ಇಟ್ಕೊಂಡು ಗೆರೆ ಎಳೆದುಬಿಡೇ. ಯಾರು ನಂಗಲಿಗೆ ಹೋಗಿ ನೋಡ್ತಾರೆ?"

"ಮೇಲಿಂದ ಬರೀ ಹೊಂಗೆ ಮರದ ತಲೆ ಕಾಣತ್ತೆ ಕಣೇ. ಕೆಳಗೆ ಏನಿದೆ ಅಂತ ಹೊಂಗೆಗೇ ಗೊತ್ತು."

ಈ ಜಾಗವನ್ನೇ ಹಿಡಿದುಕೊಂಡದ್ದಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಅವಳ ಅಜ್ಜ, ದಾದಾ, ತೀರಿಕೊಂಡಾಗ, ತೋಡಿದ ಗುಣಿಯಲ್ಲಿ ನೀರು ತುಂಬಿತ್ತು. ಗಂಡಸರು ಬಣ್ಣದ ಡಬ್ಬಿಗಳಲ್ಲಿ ನೀರು ಎತ್ತಿ ಹಾಕಿದರು. ಎತ್ತಿದಷ್ಟೂ ಬಂತು. ಮಣ್ಣು ಕೊಟ್ಟು ಬಂದ ತಮ್ಮ ರಹೀಲ್ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತು, ಗುಣಿಯ ನೀರಿನ ಮಾತು ಹೇಳಬಾರದಿತ್ತು, ಹೇಳಿದ. ಅಜ್ಜಿ, ದಾದಿ ಅಸ್ಗರಿ, ಕೇಳಿಸಿಕೊಂಡರು. ಆಮೇಲೆ ಯಾವಾಗ ಮಳೆ ಬಂದರೂ ಅವರು ಕಿಟಕಿ ಹತ್ತಿರ ಹೋಗುತ್ತಿದ್ದರು. ಮೇಲಿನ ಇಳಿಜಾರಿನ ನೀರೆಲ್ಲ ಖಬರಸ್ತಾನಕ್ಕೆ ನುಗ್ಗುತ್ತಿತ್ತು, ಹೊರಗೆ ಹೋಗಲು ದಾರಿಯಿರಲಿಲ್ಲ. ಒಂದು ಸರಿಯಾದ ಕಾಲುವೆ ಬೇಕಿತ್ತು. ಕಾಲುವೆ ಬರೆಯಲು ಯಾವ ಕಬರ್ ಎಲ್ಲಿದೆ ಎಂಬ ಸರಿಯಾದ ನಕ್ಷೆ ಬೇಕಿತ್ತು. ಮಿಸ್ಬಾಳಿಗೆ ಬೇಕಾಗಿದ್ದದ್ದು ಇಷ್ಟೇ.

ಶನಿವಾರ ಬಸ್ಸಿಳಿದವಳು ನೇರ ಅಂಗಡಿಗೆ ಹೋದಳು. ಅಬ್ಬಾ ರಹಮತ್ತುಲ್ಲಾ ಹೈವೇ ಪಕ್ಕದಲ್ಲಿ ಲಾರಿಗಳ ಟಾರ್ಪಾಲ್ ಹೊಲಿಯುತ್ತಾರೆ. ರಹೀಲ್ ಪಿಯುಸಿ ಮುಗಿಸಿ ಅಲ್ಲೇ ಕೂತವನು. ಮನೆಯಲ್ಲಿ ಎಲ್ಲರೂ ಆಡುವುದು ದಖನಿ ಉರ್ದು, ಗಿರಾಕಿಗಳ ಹತ್ತಿರ ತೆಲುಗು. ಅಕ್ಕ ತಮ್ಮ ಮಾತ್ರ ಜಗಳಕ್ಕೆ ಸ್ಕೂಲಿನ ಕನ್ನಡವನ್ನೇ ಇಟ್ಟುಕೊಂಡಿದ್ದರು.

"ಏನ್ಲಾ ಅಳೆದೆ ನೀನು? ನನ್ನ ಮರ್ಯಾದೆ ತೆಗೆದೆ."

"ನಾನು ಸರಿಯಾಗೇ ಅಳೆದಿದ್ದೀನಿ ಆಪಾ. ಟಾರ್ಪಾಲು ಒಂದು ಬೆರಳು ಹೆಚ್ಚು ಕಮ್ಮಿ ಆದ್ರೆ ಡ್ರೈವರ್‌ಗಳು ನನ್ನ ಬಿಡ್ತಾರಾ? ನಿನ್ನ ಲೆಕ್ಕ ತಪ್ಪಿರ್ಬೇಕು."

"ಬಾ, ನನ್ನ ಕಣ್ಣ ಮುಂದೆ ಅಳಿ."

ಖಬರಸ್ತಾನದ ಗೇಟಿನ ಹೊರಗೆ ಅವಳು ನಿಂತಳು. ರಹೀಲ್ ಚಪ್ಪಲಿ ಬಿಟ್ಟು, ಸಲಾಂ ಹೇಳಿ ಒಳಗೆ ಹೋದ. ಟೇಪಿನ ತುದಿಯನ್ನು ಗೇಟಿನ ಕಂಬಕ್ಕೆ ಸಿಕ್ಕಿಸಿ ಬೇವಿನ ಮರದ ಕಡೆ ನಡೆದ. ಮೊದಲ ಕಬರ್ ಸಿಕ್ಕಿತು. ಅದರ ತಲೆಯ ಕಡೆಯಿಂದ ಸುತ್ತಿದ, ಟೇಪೂ ಸುತ್ತಿತು. ಎರಡನೆಯದನ್ನು ಕಾಲಿನ ಕಡೆಯಿಂದ. ಎಲ್ಲಿ ಟೇಪು ಜಾರಿ ಕಬರಿನ ಮೇಲೆ ಬೀಳುವಂತಿತ್ತೋ ಅಲ್ಲಿ ಒಂದು ಕಡ್ಡಿ ನೆಟ್ಟು ಅದನ್ನು ಆಚೆ ತಡೆದ. ಬೇವಿನ ಮರ ಮುಟ್ಟಿದಾಗ ಟೇಪು ಹಾವು ಹರಿದಂತೆ ಬಿದ್ದಿತ್ತು. ರಹೀಲ್ ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಶ್ರದ್ಧೆಯಿಂದ ಅಳತೆ ಓದಿ ಕೂಗಿದ.

ಮಿಸ್ಬಾ ಗೇಟಿನ ಸರಳಿಗೆ ಹಣೆ ಒತ್ತಿಕೊಂಡಳು.

"ಲೇ ರಹೀಲ್, ಟೇಪು ನೆಟ್ಟಗೆ ಎಳೀಬೇಕು ಕಣೋ!"

"ನೆಟ್ಟಗೆ ಅಂದ್ರೆ? ಮೇಲೆ ಹಾಯಿಸ್ಲಾ? ದಾದಾ ಮೇಲೆ ಟೇಪು ಎಳೀಲಾ? ಯೂನಿವರ್ಸಿಟಿಯಲ್ಲಿ ಇದನ್ನೇನಾ ಕಲಿಸೋದು?"

"ಎತ್ತಿ ಹಿಡಿದು ಎಳೆದಿದ್ರೆ ಆಗ್ತಿತ್ತು."

"ಇನ್ನೊಂದು ತುದಿ ಯಾರು ಹಿಡೀತಾರೆ, ನೀನು ಬರ್ತೀಯಾ?" ಎಂದ ರಹೀಲ್.

ಗೇಟು ತೆರೆದೇ ಇತ್ತು. ಸುತ್ತ ಯಾರೂ ಇರಲಿಲ್ಲ. ಅರ್ಧ ದಿನದ ಕೆಲಸ. ಒಳಗೆ ಹೋಗುವ ಆಸೆ ಅವಳಿಗೆ ಇರಲಿಲ್ಲ ಎಂದೇನೂ ಅಲ್ಲ. ಆದರೆ ನಂಗಲಿಯಲ್ಲಿ ಅವಳು ಗೇಟು ದಾಟಿ ಹೊರಬರುವುದರೊಳಗೆ ಸುದ್ದಿ ಮಸೀದಿ ಕಮಿಟಿಗೆ ಮುಟ್ಟಿರುತ್ತಿತ್ತು. ಕಮಿಟಿಯ ಅಧ್ಯಕ್ಷರು, ಸದರ್ ನಯೀಮ್ ಸಾಬ್, ಒಪ್ಪಿಗೆ ಕೊಡುವಾಗಲೇ "ಅಳತೆ ಹುಡುಗ ಮಾಡಲಿ, ನಕ್ಷೆ ಹುಡುಗಿ ಬರೀಲಿ" ಎಂದಿದ್ದರು. ಅವರು ಕೂಗಾಡುವ ಮನುಷ್ಯರಲ್ಲ. ಅವಳ ನಕ್ಷೆಯನ್ನು ನೀಟಾಗಿ ಸುತ್ತಿ ಪಕ್ಕಕ್ಕಿಡುತ್ತಾರೆ, ಅಷ್ಟೇ. ಕಾಲುವೆ ಹಾಳೆಯಲ್ಲೇ ಉಳಿಯುತ್ತದೆ. ಒಳಗೆ ಹೋಗದಿದ್ದರೆ ಮೇಡಂ ಸೈಟ್ ಕಿತ್ತುಕೊಳ್ಳುತ್ತಾರೆ, ಆಗ ಹಾಳೆಯೂ ಇಲ್ಲ.

ಮನೆಯಲ್ಲಿ ಅಬ್ಬಾ ವಿಷಯ ಕೇಳಿ ರೊಟ್ಟಿ ಮುರಿಯುತ್ತ ಹೇಳಿದರು: "ಬಿಟ್ಟಾಕು ಬೇಟಿ. ಕೆರೆ ತಗೋ. ಕೆರೆಗೆ ಯಾರು ಬೇಕಾದ್ರೂ ಇಳೀಬಹುದು."

"ಕೆರೇಲಿ ನೀರು ನಿಂತ್ರೆ ಯಾರಿಗೆ ಕಷ್ಟ ಅಬ್ಬಾ?"

ದಾದಿ ಮೊಮ್ಮಗಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು.

ಮಿಸ್ಬಾ ಹಳೆಯ ಟಿಪ್ಪಣಿಗಳನ್ನು ತೆಗೆದು ಕೂತಳು. ಟೇಪಿನ ಅಳತೆಗಳೆಲ್ಲ ಕೆಟ್ಟಿದ್ದವು. ಎತ್ತರದ ಲೆಕ್ಕ ಮಾತ್ರ ಸರಿಯಿತ್ತು. ಅದನ್ನು ರಹೀಲ್ ಮೇಸ್ತ್ರಿಗಳ ನೀರಿನ ಟ್ಯೂಬಿನಿಂದ ತೆಗೆದಿದ್ದ. ಟ್ಯೂಬು ಹೇಗೆ ಸುತ್ತಿ ಹೋದರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದಕ್ಕೆ ಕಬರ್ ಸುತ್ತುವುದು ತೊಂದರೆಯಲ್ಲ. ಟೇಪನ್ನು ಸುತ್ತಿಸಬಾರದು. ಹಾಗಾದರೆ ಒಳಗೆ ಟೇಪೇ ಬೇಡದ ಅಳತೆ ಯಾವುದು?

ಬಿ.ಆರ್ಕ್‌ನ ಮೊದಲ ವರ್ಷದ ಸರ್ವೆ ಕ್ಯಾಂಪ್ ನೆನಪಾಯಿತು. ಮೂರು ಕಾಲಿನ ಮೇಲೆ ಒಂದು ಹಲಗೆ, ಹಲಗೆಗೆ ಅಂಟಿಸಿದ ಹಾಳೆ. ಒಂದು ಕಡೆ ನಿಂತು ದೂರದ ಕಂಬವನ್ನು ಗುರಿಯಿಟ್ಟು ನೋಡಿ ಗೆರೆ ಎಳೆಯುವುದು. ಹಲಗೆಯನ್ನು ಬೇರೆ ಕಡೆ ಒಯ್ದು, ಮೊದಲು ನಿಂತ ಜಾಗಕ್ಕೆ ಗುರಿಯಿಟ್ಟು ದಿಕ್ಕು ಸರಿಮಾಡಿಕೊಂಡು, ಅದೇ ಕಂಬಕ್ಕೆ ಇನ್ನೊಂದು ಗೆರೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಕಂಬ ಅಲ್ಲಿದೆ. ನಿಂತ ಎರಡು ಜಾಗಗಳ ನಡುವಿನ ದೂರ ಗೊತ್ತಿದ್ದರೆ ಸಾಕು, ಕಂಬದ ಹತ್ತಿರ ಹೋಗುವುದೇ ಬೇಡ. ಪ್ಲೇನ್ ಟೇಬಲ್ ಎನ್ನುತ್ತಿದ್ದರು. ಮ್ಯೂಸಿಯಂ ಸಾಮಾನು ಎಂದು ಅವರೆಲ್ಲ ಆಗ ನಗಾಡಿದ್ದರು.

ಭಾನುವಾರ ಬೆಳಿಗ್ಗೆ ಮಿಸ್ಬಾ, ಅಬ್ಬಾ ಟಾರ್ಪಾಲ್ ಕತ್ತರಿಸುವ ಹಲಗೆಯನ್ನು ಎತ್ತರದ ಸ್ಟೂಲಿನ ಮೇಲೆ ಬಿಗಿದು, ಮರದ ಸ್ಕೇಲಿನ ಎರಡು ತುದಿಗೂ ಗುಂಡುಸೂಜಿ ಚುಚ್ಚಿ ಗುರಿಪಟ್ಟಿ ಮಾಡಿಕೊಂಡಳು. ಖಬರಸ್ತಾನದ ಗೋಡೆ ಎದೆಯೆತ್ತರ. ಆಚೆ ಅಶ್ವತ್ಥಪ್ಪನ ಹಿಪ್ಪುನೇರಳೆ ತೋಟ. ತೋಟದ ಬದು ಎತ್ತರವಾಗಿದ್ದರಿಂದ ಅಲ್ಲಿ ನಿಂತರೆ ಒಳಗಿನದೆಲ್ಲ ಕಾಣುತ್ತಿತ್ತು.

ಬದುವಿನ ಮೇಲೆ ಟೇಪು ಹಾಸುವುದನ್ನು ಕಂಡು ಅಶ್ವತ್ಥಪ್ಪ ಸೊಪ್ಪಿನ ಹೊರೆ ಇಳಿಸಿ ಬಂದ.

"ಏಮಮ್ಮಾ ಪಾಪ, ಏನಿದು? ಟೇಪು ಹಿಡ್ಕೊಂಡು ಬಂದವ್ರು ಯಾರೂ ನನ್ನ ಬದುನ ಇದ್ದ ಕಡೆ ಬಿಟ್ಟು ಹೋಗಿಲ್ಲ."

"ನಿಮ್ಮ ಬದು ಬೇಡ ತಾತ. ನಿಂತ್ಕೊಳ್ಳೋಕೆ ಜಾಗ ಕೊಡಿ ಸಾಕು. ಒಳಗಿಂದು ಅಳೀಬೇಕು."

"ಒಳಗಿಂದು ಅಳೆಯೋಕೆ ಹೊರಗೆ ನಿಂತ್ಕೋತಾರಾ?"

"ಹೂಂ ತಾತ, ನೋಡ್ತಿರಿ."

ಅವನು ಹಲಗೆಯನ್ನೂ ಸೂಜಿಗಳನ್ನೂ ನೋಡಿದ. "ಸರ್ಲೇ, ನಿಂತ್ಕೋ. ನಿಮ್ಮಪ್ಪ ನನ್ನ ಟ್ರ್ಯಾಕ್ಟರ್ ಟಾರ್ಪಾಲು ಹೊಲ್ದು ಕೊಡ್ತೀನಿ ಅಂತ ಯುಗಾದಿಯಿಂದ ಹೇಳ್ತವ್ನೆ. ಅದ್ಯಾವಾಗ ಅಂತ ಮೊದ್ಲು ಕೇಳು."

ರಹೀಲ್ ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಒಳಗೆ ಒಂದೊಂದೇ ಕಬರಿನ ತಲೆಯ ಬಳಿ ನಿಂತ. ಮಿಸ್ಬಾ ಒಂದು ಕಣ್ಣು ಮುಚ್ಚಿ, ಎರಡು ಸೂಜಿಗಳನ್ನು ಕೋಲಿಗೆ ಸೇರಿಸಿ ಗೆರೆ ಎಳೆದಳು.

"ಕೋಲು ನೆಟ್ಟಗೆ ಹಿಡಿ!"

"ನೆಟ್ಟಗೇ ಇದೆ. ನಿನ್ನ ಕಣ್ಣು ಸೊಟ್ಟ."

"ಮುಂದಿನದು."

"ಬಿಸ್ಲು ಆಪಾ. ಲೆಮನ್ ಸೋಡಾ ಕೊಡಿಸ್ಬೇಕು."

"ಡಿಗ್ರಿ ಬರಲಿ, ಸೋಡಾ ಅಂಗಡಿನೇ ಕೊಡಿಸ್ತೀನಿ."

ಮಧ್ಯಾಹ್ನ ಹಲಗೆಯನ್ನು ಬದುವಿನ ಇನ್ನೊಂದು ತುದಿಗೆ ಒಯ್ದರು. ಮತ್ತೆ ಎಲ್ಲ ಕಬರು, ಎಲ್ಲ ಮರ, ಗೇಟಿನ ಎರಡು ಕಂಬ. ಎರಡು ಗೆರೆಗಳು ಹೇಗೂ ಎಲ್ಲೋ ಒಂದು ಕಡೆ ಕೂಡುತ್ತವೆ, ಅದನ್ನು ನಂಬುವಂತಿಲ್ಲ. ಹಾಗಾಗಿ ದಾರಿಯ ಕಡೆಯಿಂದ ಮೂರನೆಯ ಸಲವೂ ನಿಂತಳು. ಮೂರನೆಯ ಗೆರೆ ಬೇವಿನ ಮರದ ಚುಕ್ಕೆಯ ಮೇಲೆಯೇ ಹಾದುಹೋದಾಗ ಅವಳಿಗೆ ಹೊಟ್ಟೆ ಹಸಿದದ್ದು ಗೊತ್ತಾಯಿತು.

ಅಷ್ಟರಲ್ಲಿ ದಾದಿ ಊಟದ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಹಲಗೆಯ ಪಕ್ಕ ನಿಂತು ಗೋಡೆಯಾಚೆ ನೋಡಿದರು. ಅವರು ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

"ನಮ್ಮದು ಯಾವುದು?"

ಮಿಸ್ಬಾ ಕೈ ಎತ್ತಿ ತೋರಿಸಿದಳು. ರಹೀಲ್ ಅಲ್ಲಿ ಹೋಗಿ ಕೋಲು ಹಿಡಿದು ನಿಂತ, ಈ ಸಲ ತಮಾಷೆ ಮಾಡಲಿಲ್ಲ. ದಾದಿ ನೋಡಿದರು. ತುಟಿ ಅಲುಗಿತು, ದುವಾ ಮುಗಿಯಿತು.

"ತಗ್ಗಿನಲ್ಲೇ ಇಟ್ಟಿದ್ದಾರೆ," ಎಂದರು. "ಮೂರ್ಖರು. ನಿನ್ನ ಕಾಲುವೆ ಬಂದ್ರೆ ಅಲ್ಲಿ ನೀರು ನಿಲ್ಲಲ್ವಾ?"

"ನಿಲ್ಲಲ್ಲ ದಾದಿ."

"ನೋಡೋಣ. ಮೊದಲು ಊಟ ಮಾಡು."

ಗುರುವಾರ ರಿವ್ಯೂಗೆ ಹೊರಗಿನಿಂದ ಕೋದಂಡರಾಮಪ್ಪ ಎಂಬ ನಿವೃತ್ತ ಪ್ರೊಫೆಸರು ಬಂದಿದ್ದರು. ಮೇಡಂ ಮೊದಲು ಸ್ಕೇಲ್ ಇಟ್ಟು ಹೊರಗಿನದನ್ನೂ ಒಳಗಿನದನ್ನೂ ತಾಳೆ ನೋಡಿದರು. ಸರಿಯಿತ್ತು. ಕೋದಂಡರಾಮಪ್ಪನವರ ಕಣ್ಣು ಗೇಟಿನಿಂದ ಹೊರಟ ಕಾಲುದಾರಿಯ ಮೇಲೆ ನಿಂತಿತು.

"ಈ ದಾರಿ ಯಾಕಮ್ಮ ಹೀಗೆ ಸೊಟ್ಟಪಟ್ಟ? ಚೆಂದಕ್ಕಾ?"

"ಚೆಂದಕ್ಕಲ್ಲ ಸಾರ್. ನನ್ನ ತಮ್ಮ ಮೊದಲು ತಪ್ಪಾಗಿ ಅಳೆದಾಗ ಟೇಪು ಹೋದ ದಾರಿ ಅದು. ಅವನು ಕಬರ್ ದಾಟಲ್ಲ, ಸುತ್ತಿ ಹೋಗ್ತಾನೆ. ಎಲ್ಲರೂ ಹಾಗೇ ನಡೀತಾರೆ. ನೇರ ದಾರಿ ಹಾಕಿದ್ರೆ ಯಾರೂ ತುಳಿಯಲ್ಲ."

ಅವರು ಹೂಂಗುಟ್ಟಿದರು. ಮೇಡಂ ಕೇಳಿದರು: "ಅಂದ್ರೆ ನೀನು ಕೊನೆಗೂ ಒಳಗೆ ಕಾಲಿಡಲಿಲ್ಲ."

"ಇಲ್ಲ ಮ್ಯಾಮ್."

"ನಾನಾಗಿದ್ರೆ ಹೋಗ್ತಿದ್ದೆ."

"ಹೋಗ್ತಿದ್ರಿ ಮ್ಯಾಮ್. ಅಳೆದುಕೊಂಡು ವಾಪಸ್ ಬರ್ತಿದ್ರಿ. ನಾನು ಆ ಊರಿಗೇ ವಾಪಸ್ ಹೋಗ್ಬೇಕು. ನಕ್ಷೆ ಅವರ ಕೈಗೇ ಕೊಡ್ಬೇಕು."

ಹಿಂದಿನ ಸಾಲಿನಲ್ಲಿ ಧನಶ್ರೀ ಕೆಮ್ಮಿದಳು. ಮೇಡಂ ಹಾಳೆಯ ಕೆಳಮೂಲೆಯನ್ನು ಬೆರಳಿನಿಂದ ತೋರಿಸಿದರು. "ಸೈಟ್ ಇಟ್ಕೋ. ಆದ್ರೆ ಅಳೆದಿದ್ದು ಗೋಡೆಯ ಹೊರಗಿಂದ, ಒಳಗೆ ಹೋಗಿಲ್ಲ ಅಂತ ಇಲ್ಲಿ ಬರಿ. ಮುಚ್ಚಿಡೋ ಹಾಗಿಲ್ಲ."

ಅವಳು ಬರೆದಳು. ಬರೆಯುವಾಗ ಅವಮಾನವಾಗಲಿಲ್ಲ, ಹೆಮ್ಮೆಯೂ ಆಗಲಿಲ್ಲ. ಅದು ನಡೆದದ್ದು.

ನಕ್ಷೆಯನ್ನು ಕಮಿಟಿಗೆ ಅಬ್ಬಾ ಒಯ್ದರು. ನಯೀಮ್ ಸಾಬ್ ಕಾಲುವೆಗೆ ಒಪ್ಪಿದರು. ಬದುವಿನ ಪಕ್ಕ ಹೆಂಗಸರು ಕೂರಲೆಂದು ಅವಳು ಬರೆದಿದ್ದ ಕಲ್ಲು ಬೆಂಚಿಗೆ ಒಪ್ಪಲಿಲ್ಲ. ಅದನ್ನು ಅಬ್ಬಾ ಹೇಳಿದಾಗ ಅವಳು ವಾದ ಮಾಡಲಿಲ್ಲ. ಯೂನಿವರ್ಸಿಟಿಯ ಹಾಳೆಯಲ್ಲಿ ಬೆಂಚನ್ನು ಅಳಿಸಲೂ ಇಲ್ಲ.

ಮುಂಗಾರಿಗೆ ಮೊದಲು ಅಗೆತ ಶುರುವಾಯಿತು. ಅವಳು ಸ್ಟುಡಿಯೋದಲ್ಲಿ ಅಂತಿಮ ಹಾಳೆಗೆ ಇಂಕ್ ಹಾಕುತ್ತಿದ್ದಾಗ ರಹೀಲ್‌ನ ಫೋನು ಬಂತು.

"ಆಪಾ, ಕಾಲುವೆ ಬಾಗಿಸ್ಬೇಕು."

"ಯಾಕೋ? ಅಲ್ಲಿ ಏನೂ ಇಲ್ಲ. ನಕ್ಷೆ ನೋಡು."

"ನಕ್ಷೇಲಿ ಇಲ್ಲ. ನಮ್ಮ ಬೀದಿ ಕಹಕಶಾ ಚಾಚಿ ಅಬ್ಬಾಗೆ ಹೇಳಿಕಳ್ಸಿದ್ರು. ಬೇವಿನ ಮರದಿಂದ ಈಚೆಗೆ ಅವರ ಮಗು ಇದೆಯಂತೆ. ಹುಟ್ಟಿದ ದಿನಾನೇ ಹೋಯ್ತಲ್ಲ, ಅದು. ಕಲ್ಲಿಲ್ಲ, ನೆಲ ಸಮವಾಗಿದೆ. ನಂಗೆ ಗೊತ್ತಿರ್ಲಿಲ್ಲ, ಅಲ್ಲಿ ನಾನು ಕೋಲು ಹಿಡೀಲೇ ಇಲ್ಲ."

ಒಳಗೆ ಎಂದೂ ಕಾಲಿಡದ ಕಹಕಶಾ ಚಾಚಿಗೆ ಗೊತ್ತಿತ್ತು. ತನ್ನ ಬೀದಿಯ ಹೆಂಗಸರನ್ನು ಕೇಳಬೇಕೆಂದು ಮಿಸ್ಬಾಳಿಗೆ ಹೊಳೆದಿರಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು.

"ಇನ್ನೂ ಅಂಥವು ಎಷ್ಟಿವೆಯೋ. ಅಗೆಯೋದು ನಿಲ್ಸು. ದಾದೀನ ಪ್ರತಿ ಮನೆಗೂ ಕಳಿಸು, ಹೆಂಗಸರನ್ನ ಕೇಳ್ಕೊಂಡು ಬರಲಿ. ಆಮೇಲೆ ಬಾಗಿಸಿ. ಥಟ್ಟನೆ ತಿರುಗಿಸಬೇಡಿ, ಮೂಲೇಲಿ ನೀರು ತಡೆಯತ್ತೆ. ದೊಡ್ಡದಾಗಿ ಬಳಸಿ."

"ಉದ್ದ ಎಷ್ಟಾಗತ್ತೆ ಅಂತ ನಯೀಮ್ ಸಾಬ್ ಕೇಳ್ತಾರೆ. ಹೆಂಗೆ ಅಳೀಲಿ?"

"ಟೇಪನ್ನ ಸುತ್ತಿಸಿ ಅಳಿ. ಈ ಸಲ ನಂಗೆ ಅದೇ ಅಳತೆ ಬೇಕು."

"ನೋಡ್ದ್ಯಾ? ನಾನು ಮೊದ್ಲಿಂದ ಅದೇ ಮಾಡಿದ್ದು," ಎಂದ ರಹೀಲ್. ಅವಳು ಬೈಯುವುದರೊಳಗೆ ಫೋನ್ ಇಟ್ಟ.

ಮಿಸ್ಬಾ ಬ್ಲೇಡು ತೆಗೆದುಕೊಂಡು, ಆಗಲೇ ಒಣಗಿದ್ದ ಇಂಕಿನ ನೇರ ಗೆರೆಯನ್ನು ಮೆಲ್ಲಗೆ ಕೆರೆಯತೊಡಗಿದಳು.