ತಲೆಸುತ್ತು ಅಂದರೆ

ಪರದೇಶದ ನಗರವೊಂದರ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ನರರೋಗ ಕ್ಲಿನಿಕ್ಕಿನಲ್ಲಿ, ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ ತೊಟ್ಟಿದ್ದ ಬೆಟ್ಟಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಗಳು ಉಷಾ ಅಡುಗೆಮನೆಯಲ್ಲಿ ಬಿದ್ದದ್ದನ್ನು ಕಂಡವರು ಅವರೊಬ್ಬರೇ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅದಕ್ಕೇ ಕ್ಲಿನಿಕ್ಕಿನವರು ದುಭಾಷಿ ರೇಹಾನಾಳನ್ನು ಕರೆಸಿದ್ದರು.

ಡಾಕ್ಟರ್ ಬರುವ ಮೊದಲು ಉಷಾ ರೇಹಾನಾಳ ಪಕ್ಕಕ್ಕೆ ಸರಿದಳು.

"ನೀವೂ ಮೈಸೂರಿನವ್ರು, ಅರ್ಥ ಮಾಡ್ಕೋತೀರಾ. ಅಮ್ಮ ಏನೇ ಹೇಳಿದ್ರೂ ತಲೆಸುತ್ತು ಅಂತಷ್ಟೇ ಹೇಳಿ. ಫಿಟ್ಸ್ ಅಂತ ಗೊತ್ತಾದ್ರೆ ನನ್ನ ಡ್ರೈವಿಂಗ್ ನಿಲ್ಲಿಸ್ತಾರೆ. ಮನೆಯಿರೋ ಸ್ನೊಕ್ವಾಲ್ಮಿಯಿಂದ ಅಷ್ಟು ದೂರದ ಎವರೆಟ್‌ಗೆ ಕೆಲಸಕ್ಕೆ ಹೇಗೆ ಹೋಗ್ಲಿ? ಊರಲ್ಲಿ ತಂಗಿ ಯಾಮಿನಿಗೆ ಗಂಡು ನೋಡ್ತಿದಾರೆ. ಈ ಸುದ್ದಿ ಅಲ್ಲಿಗೆ ಮುಟ್ಟಿದ್ರೆ ಅವಳ ಗತಿ?"

"ನಿಮ್ಮ ಕಷ್ಟ ಗೊತ್ತಾಗುತ್ತೆ," ಎಂದಳು ರೇಹಾನಾ. "ಆದ್ರೆ ಒಳಗೆ ಯಾರು ಏನಂದ್ರೂ ನಾನು ಅದನ್ನೇ ಹೇಳ್ಬೇಕು. ಒಂದು ಪದ ಬದಲಾಯಿಸಿದ್ರೆ ಔಷಧಿನೂ ಬದಲಾಗುತ್ತೆ."

ಉಷಾ ತುಟಿ ಬಿಗಿದು ತನ್ನ ಜಾಗಕ್ಕೆ ಹೋದಳು.

ಡಾಕ್ಟರ್ ಬಂದವರೇ ಬೆಟ್ಟಮ್ಮನವರ ಎದುರಿಗೆ ಕುಳಿತು, ಮಗಳು ಬಿದ್ದಾಗ ಏನು ಕಂಡಿರಿ ಎಂದು ಕೇಳಿದರು.

"ತಲೆಸುತ್ತು ಬಂತು. ಬಿದ್ಲು. ಎದ್ಲು." ಬೆಟ್ಟಮ್ಮ ಪಾಠ ಒಪ್ಪಿಸಿದಂತೆ ಹೇಳಿದರು. ರೇಹಾನಾ ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದಳು.

"ಕೈಕಾಲು ಸಡಿಲವಾಗಿದ್ದವೋ, ಬಿಗಿದಿದ್ದವೋ?"

ಬೆಟ್ಟಮ್ಮನವರ ಮುಷ್ಟಿ ಅವರಿಗರಿವಿಲ್ಲದೆ ಬಿಗಿಯಿತು. "ಬಿಗಿ..."

"ಅಮ್ಮ!"

"'ಬಿಗಿ' ಅಂತ ಶುರುಮಾಡಿದರು. ಮಗಳು 'ಅಮ್ಮ' ಅಂತ ತಡೆದರು," ಎಂದು ರೇಹಾನಾ ಅದನ್ನೂ ಡಾಕ್ಟರಿಗೆ ತಿಳಿಸಿದಳು. ಉಷಾ ಅವಳನ್ನು ದುರುಗುಟ್ಟಿ ನೋಡಿದಳು. ಡಾಕ್ಟರ್ ಬೆಟ್ಟಮ್ಮನವರ ಬಿಗಿದ ಮುಷ್ಟಿಯನ್ನು ನೋಡಿದರು.

"ನಂಗೊಬ್ಳು ತಂಗಿ ಇದ್ಲು ಕಣವ್ವ," ಬೆಟ್ಟಮ್ಮ ರೇಹಾನಾಳತ್ತ ತಿರುಗಿದರು. "ಅವಳ್ಗೂ ಹಿಂಗೇ ಬರೋದು. ಊರೋರು ಗಾಳಿ ಸೋಕೈತೆ ಅಂದ್ರು. ನಮ್ಮಪ್ಪ, ಮೂರ್ಛೆ ಅಂತ ಹೊರಗೆ ಹೇಳ್ಬ್ಯಾಡಿ, ನಿಮಗೂ ಮದ್ವೆ ಆಗಾಕಿಲ್ಲ, ತಲೆಸುತ್ತು ಅನ್ನಿ ಅಂದ. ಅಂದೂ ಅಂದೂ ನಾವೂ ಅದನ್ನೇ ನಂಬ್ಬುಟ್ಟೊ. ಬರೀ ತಲೆಸುತ್ತು ತಾನೇ ಅಂತ ಒಬ್ಳನ್ನೇ ಒಲೆ ಮುಂದೆ ಬುಟ್ಟು ಗದ್ದೆಗೆ ಹೋದೊ. ಬರೋ ಹೊತ್ಗೆ ಒಲೆ ಬೆಂಕಿಗೇ ಬಿದ್ದು..."

ಚಿಕ್ಕಮ್ಮ ಜ್ವರದಿಂದ ಸತ್ತಳೆಂದೇ ಉಷಾ ಕೇಳಿ ಬೆಳೆದಿದ್ದಳು. ಅವಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

ರೇಹಾನಾ ಇಂಗ್ಲಿಷಿನಲ್ಲಿ ಹೇಳುತ್ತ, 'ಗಾಳಿ' ಎಂಬಲ್ಲಿ ನಿಂತು ಅದರ ಅರ್ಥ ವಿವರಿಸಿದಳು.

"ಇವಳ್ದು ತಲೆಸುತ್ತಲ್ಲ," ಎಂದರು ಬೆಟ್ಟಮ್ಮ. "ಕಣ್ಗುಡ್ಡೆ ಮೇಲಕ್ಕೋಯ್ತು. ಕೈಕಾಲು ಸೆಟೆದು ಒದ್ದಾಡ್ದ್ವು. ಬಾಯಲ್ಲಿ ನೊರೆ. ಮೂರ್ಛೆ ಕಣವ್ವ. ಹಂಗೇ ಬರ್ಕೊಳಕ್ಕೆ ಹೇಳು."

ಈ ಹಿಂದೆಯೂ ಆಗಿತ್ತೇ ಎಂದು ಡಾಕ್ಟರ್ ಕೇಳಿದರು. ಬೆಟ್ಟಮ್ಮನವರಿಗೆ ಅದು ತಿಳಿಯದು.

ಉಷಾ ತಾನೇ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಇದು ಮೂರನೆಯ ಸಲ. ಎರಡನೆಯದು ಹೆದ್ದಾರಿಯಲ್ಲಿ. ಎಚ್ಚರವಾದಾಗ ಕಾರು ರಸ್ತೆಯಂಚಿನ ತಡೆಗೋಡೆಗೆ ಉಜ್ಜಿಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿ ಐದು ವರ್ಷದ ಮಗಳು ಮಧುರಾ ಅಳುತ್ತಿದ್ದಳು. ಪಾರ್ಕಿಂಗಿನಲ್ಲಿ ಯಾರೋ ಕಾರು ಗೀಚಿದರೆಂದು ಉಷಾ ಮನೆಯಲ್ಲಿ ಹೇಳಿದ್ದಳು.

ಔಷಧಿಯಿಂದ ಹಿಡಿತಕ್ಕೆ ಬರುವವರೆಗೆ ಡ್ರೈವ್ ಮಾಡುವಂತಿಲ್ಲ, ಆಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರ್.

ಹೊರಗೆ ಬಂದ ಕೂಡಲೇ ಉಷಾ ಗಂಡ ಲಕ್ಷ್ಮೀಕಾಂತನಿಗೆ ಫೋನ್ ಮಾಡಿದಳು.

"ರೀ, ನಮ್ಮನ್ನ ಕರ್ಕೊಂಡು ಹೋಗೋಕೆ ಬನ್ನಿ. ನಾನು ಡ್ರೈವ್ ಮಾಡಲ್ಲ... ಮನೇಲಿ ಎಲ್ಲಾ ಹೇಳ್ತೀನಿ."

ಬೆಟ್ಟಮ್ಮ ಬಂದು ಅವಳ ಮೊಣಕೈ ಹಿಡಿದು ನಿಂತರು. ಉಷಾ ಗೋಡೆಗೆ ಒರಗಿದಳು.

"ಇಲ್ಲ, ಈಗ್ಲೇ ಹೇಳ್ತೀನಿ. ಕೇಳಿ."